ಕೋಳಿ ಮರಿಗಳ ಹಿಕ್ಕೆಯಲ್ಲಿ ರಕ್ತ: ಜಂತುಹುಳದ ಔಷಧಿ ಯಾಕೆ ನಾಟಲಿಲ್ಲ?

4 ವಾರದ ಕೋಳಿ ಮರಿಗಳ ಹಿಕ್ಕೆಯಲ್ಲಿ ರಕ್ತ ಬರುತ್ತಿದೆ, ಜಂತುಹುಳದ ಔಷಧಿ ಕೊಟ್ಟರೂ ನಿಂತಿಲ್ಲ ಅಂದಿದ್ದೀರಿ. ಇದು ಹುಳ ಇರಲಿಕ್ಕಿಲ್ಲ. ಈ ವಯಸ್ಸಿಗೆ ಮೊದಲ ಅನುಮಾನ ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗದ ಮೇಲೆ. ಐಮೀರಿಯಾ ಅನ್ನುವ ಏಕಕೋಶ ಜೀವಿ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ, ಅದಕ್ಕೆ ಹುಳದ ಔಷಧಿ ನಾಟುವುದೇ ಇಲ್ಲ.

ತಡ ಮಾಡಬೇಡಿ. ತಾಜಾ ಹಿಕ್ಕೆಯನ್ನು ಪಶುವೈದ್ಯರಿಗೆ ತೋರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಆಂಪ್ರೋಲಿಯಂ ಅನ್ನುವ ಔಷಧಿಯನ್ನು ಕುಡಿಯುವ ನೀರಿನಲ್ಲಿ ಕೊಡುತ್ತಾರೆ, ಯಾಕಂದ್ರೆ ಸುಸ್ತಾದ ಮರಿ ಮೇವು ಬಿಟ್ಟರೂ ನೀರು ಕುಡಿಯುತ್ತಿರುತ್ತದೆ. ಆ ದಿನಗಳಲ್ಲಿ ಬಿ ವಿಟಮಿನ್ ಟಾನಿಕ್ ಮಾತ್ರ ಬೇಡ. ಈ ಔಷಧಿ ಬಿ1 ವಿಟಮಿನ್‌ ಥರ ನಟಿಸಿಯೇ ಆ ಜೀವಿಗೆ ಮೋಸ ಮಾಡೋದು, ನೀವು ನಿಜವಾದ ಬಿ1 ಸುರಿದರೆ ಔಷಧಿ ಸುಮ್ನೆ ದಂಡ, ಅಲ್ವಾ? ಟಾನಿಕ್ ಕೋರ್ಸ್ ಮುಗಿದ ಮೇಲೆ ಕೊಡಿ.

ಇನ್ನು ನೆಲ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇರೋದು. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆಯಂಥ ಕೋಶಗಳು ತೇವ, ಬೆಚ್ಚಗಿನ ಜಾಗ ಸಿಕ್ಕರೆ 1-2 ದಿನದಲ್ಲಿ ಸೋಂಕು ಹರಡಲು ತಯಾರಾಗುತ್ತವೆ, ಮಾಮೂಲಿ ಫಿನಾಯಿಲ್‌ಗೆಲ್ಲ ಅವು ಬಗ್ಗುವುದಿಲ್ಲ. ಒದ್ದೆ ಹೊಟ್ಟು ತೆಗೆದು ಒಣದು ಹಾಕಿ, ನೀರಿನ ಪಾತ್ರೆಯನ್ನು ಮರಿಯ ಬೆನ್ನಿನ ಮಟ್ಟಕ್ಕೆ ಎತ್ತಿಡಿ, ಜಾಸ್ತಿ ಮರಿ ತುಂಬಬೇಡಿ. ಮುಂದಿನ ಬ್ಯಾಚಿಗೆ ಈ ರೋಗದ ಲಸಿಕೆ ಹಾಕಿಸಿದರೆ, ಕಾಕ್ಸಿಡಿಯಾ (ಐಮೀರಿಯಾದಂಥ ಈ ಜೀವಿಗಳು) ತಡೆಯುವ ಔಷಧಿ ಬೆರೆಸಿದ ಮೇವು ಕೊಡಬೇಡಿ.