ಹಡಗು ಹತ್ತಿದವರ ಜಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಅಜ್ಜನ ಅಣ್ಣ ಮುಂಬಯಿಯಿಂದ ಆಫ್ರಿಕಾದ ಕೀನ್ಯಾದಲ್ಲಿರುವ ಮೊಂಬಾಸಾಕ್ಕೆ ಹೋದರಂತೆ. ಯಾವ ಇಸವಿ ಎಂದು ಯಾರಿಗೂ ಗೊತ್ತಿಲ್ಲ. ಅವರು ಬರೆದ ಪತ್ರವೂ ಉಳಿದಿಲ್ಲ, ಒಂದು ಖಾಲಿ ಲಕೋಟೆ ಇದೆ. ಎಲ್ಲಿಂದ ಶುರು ಮಾಡಲಿ? (ಕುಮಟಾದಿಂದ ಒಬ್ಬ ಓದುಗರು)

ಉತ್ತರ: ಆ ಲಕೋಟೆಯಿಂದಲೇ. ಅಂಚೆಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಡಿ. ಠಸ್ಸೆಯ (ಅಂಚೆ ಕಚೇರಿ ಒತ್ತಿದ ಮುದ್ರೆಯ) ಅರ್ಧ ಭಾಗ ಚೀಟಿಯ ಮೇಲೆ, ಇನ್ನರ್ಧ ಕಾಗದದ ಮೇಲೆ ಇರುತ್ತದೆ, ಬಿಡಿಸಿದರೆ ಊರು, ತಾರೀಖು ಎರಡೂ ಹೋದವು. ಓರೆ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆಯಿರಿ. ಠಸ್ಸೆ ಅಳಿಸಿಹೋಗಿದ್ದರೂ ಚೀಟಿಯೇ ಕಾಲ ಹೇಳುತ್ತದೆ. ‘ಈಸ್ಟ್ ಆಫ್ರಿಕಾ ಅಂಡ್ ಉಗಾಂಡಾ ಪ್ರೊಟೆಕ್ಟರೇಟ್ಸ್’ ಎಂದಿದ್ದರೆ 1903ರಿಂದ 1920ರ ದಶಕದ ಆರಂಭದವರೆಗಿನದು. ‘ಕೀನ್ಯಾ ಅಂಡ್ ಉಗಾಂಡಾ’ ಎಂದಿದ್ದರೆ 1922ರ ನಂತರದ್ದು. ಟಾಂಗನಿಕಾದ ಹೆಸರೂ ಸೇರಿದ್ದರೆ 1935ರಿಂದ ಈಚಿನದು. ಹಿಂಬದಿಯಲ್ಲಿ ಪೋಸ್ಟ್ ಬಾಕ್ಸ್ ನಂಬರಿದ್ದರೆ ಬರೆದಿಟ್ಟುಕೊಳ್ಳಿ. ಅಲ್ಲಿ ಅಂಚೆ ಬಾಕ್ಸಿಗೇ ಬರುವುದು ರೂಢಿಯಾದ್ದರಿಂದ ಹಳೆಯ ವ್ಯಾಪಾರಿ ಡೈರೆಕ್ಟರಿಗಳಲ್ಲಿ ಹೆಸರಿನ ಪಕ್ಕದಲ್ಲೇ ಆ ನಂಬರು ಸಿಗುವ ಸಾಧ್ಯತೆಯಿದೆ.

ಆಮೇಲೆ ಊರಿನ ಕಾಗದ. ಹೆಚ್ಚಿನವರು ಇದನ್ನು ಬಿಟ್ಟು ನೇರ ವಿದೇಶದ ದಾಖಲೆಗೆ ಕೈಹಾಕುತ್ತಾರೆ. ಒಂದೇ ಹೆಸರಿನ ಹತ್ತು ಜನ ಸಿಕ್ಕಾಗ ನಮ್ಮವರು ಯಾರೆಂದು ಗುರುತಿಸಲಾಗದೆ ಕೈಚೆಲ್ಲುತ್ತಾರೆ. ತಂದೆಯ ಹೆಸರು, ಹಳ್ಳಿ, ಅಂದಾಜು ವಯಸ್ಸು, ಈ ಮೂರೂ ಮೊದಲು ಗಟ್ಟಿಯಾಗಬೇಕು. ಊರಿನ ಹಳೆಯ ಶಾಲೆಯ ದಾಖಲಾತಿ ರಿಜಿಸ್ಟರು ನೋಡಿ. ಜಮೀನಿದ್ದರೆ ಈಗಿನ ಪಹಣಿಯ ಸರ್ವೆ ನಂಬರು ಹಿಡಿದು ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಮ್ಯುಟೇಶನ್‌ಗಳನ್ನು (ಜಮೀನಿನ ಹಕ್ಕು ಬದಲಾದ ನಮೂದುಗಳನ್ನು) ಒಂದೊಂದಾಗಿ ಹಿಂದಕ್ಕೆ ತೆಗೆಸಿ. ವಾರಸಾ ನೋಂದಿಯಲ್ಲಿ ಅಣ್ಣತಮ್ಮಂದಿರ ಹೆಸರು ಸಾಲಾಗಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆತನಗಳು ಗೇಣಿದಾರರು. ಮಾಲೀಕರ ಕಾಲಂನಲ್ಲಿ ಹೆಸರಿಲ್ಲವೆಂದು ವಾಪಸ್ ಬರಬೇಡಿ, ಸಾಗುವಳಿದಾರರ 12ನೇ ಕಾಲಂ ಓದಿಸಿ.

ಇಷ್ಟಾದ ಮೇಲೆ ಕೀನ್ಯಾ ಗೆಜೆಟ್, ಅಂದರೆ ಅಲ್ಲಿನ ಸರ್ಕಾರದ ಪ್ರಕಟಣಾ ಪತ್ರಿಕೆ. ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಉಚಿತವಾಗಿವೆ. ತೀರಿಕೊಂಡವರ ಆಸ್ತಿ ವಿಲೇವಾರಿಯ ನೋಟಿಸುಗಳಲ್ಲಿ ಹೆಸರು, ಊರು, ಸತ್ತ ದಿನ ಅಚ್ಚಾಗಿರುತ್ತವೆ. ನಾಯ್ಕ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ‘ಐ’ ಹಾಕಿ, ‘ವೈ’ ಹಾಕಿ, ಕೊನೆಗೆ ‘ಸಿಕೆ’ ಹಾಕಿ ಬರೆದಿರುತ್ತಾರೆ; ಎಲ್ಲ ರೂಪದಲ್ಲೂ ಹುಡುಕಿ. ದುಡ್ಡು ಕೊಟ್ಟು ನೋಡುವ ಬ್ರಿಟಿಷ್ ಹಡಗು ಪಟ್ಟಿಗಳು ಬ್ರಿಟನ್ನಿನ ಬಂದರುಗಳಿಗೆ ಸಂಬಂಧಿಸಿದವು. ಮುಂಬಯಿಯಿಂದ ನೇರ ಮೊಂಬಾಸಾಕ್ಕೆ ಹೋದವರು ಅದರಲ್ಲಿ ಇರುವುದಿಲ್ಲ.

ಪ್ರಶ್ನೆ: ನಮ್ಮ ಮನೆತನದ ಒಬ್ಬರು ಕಬ್ಬಿನ ತೋಟದ ಕೂಲಿಗೆ ಮಾರಿಷಸ್‌ಗೆ ಹೋದರೆಂದು ಹಿರಿಯರು ಹೇಳುತ್ತಾರೆ. ಖಚಿತಪಡಿಸಿಕೊಳ್ಳುವುದು ಹೇಗೆ? (ಅಂಕೋಲಾ)

ಉತ್ತರ: ಕರಾರಿನ ಕೂಲಿಗಳ ಮೂಲ ದಾಖಲೆ ಮಾರಿಷಸ್‌ನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದೆ. ಪ್ರತಿಯೊಬ್ಬರಿಗೂ ಒಂದು ವಲಸಿಗ ಸಂಖ್ಯೆ ಇರುತ್ತಿತ್ತು; ಆ ಸಂಖ್ಯೆ ಸಿಕ್ಕರೆ ಮುಂದಿನ ದಾಖಲೆಗಳ ಬಾಗಿಲು ತೆರೆದಂತೆ. ಎಡವುವುದು ಜಿಲ್ಲೆಯ ಹೆಸರಿನಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಅದಕ್ಕೂ ಮೊದಲು ಮದರಾಸಿನ ಆಡಳಿತ, ಬರೇ ‘ಕೆನರಾ’ ಎಂದಷ್ಟೇ ಬರೆದಿರಬಹುದು. ಊರುಗಳ ಅಕ್ಷರವೂ ಬೇರೆ: ಕಾರವಾರ ಇಂಗ್ಲಿಷಿನ ‘ಸಿ’ಯಿಂದ ಶುರುವಾಗುತ್ತದೆ, ಹೊನ್ನಾವರ ‘ಹೊನೋರ್’ ಆಗಿರುತ್ತದೆ. ನೆಟಾಲ್ ಎಂಬ ಮಾತು ಮನೆಯಲ್ಲಿ ಎಂದಾದರೂ ಬಂದಿದೆಯೇ, ಅದನ್ನೂ ಹಿರಿಯರಲ್ಲಿ ಕೇಳಿ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕಾದ ಆ ಭಾಗಕ್ಕೆ ಹೋದ ಕೂಲಿಗಳ ಹಡಗು ಪಟ್ಟಿಗಳಲ್ಲಿ ತಂದೆಯ ಹೆಸರು, ವಯಸ್ಸು, ಜಿಲ್ಲೆ, ಹಳ್ಳಿ ಎಲ್ಲವೂ ಇವೆ.

ಪ್ರಶ್ನೆ: ನಮ್ಮದು ಕಥೋಲಿಕ ಕುಟುಂಬ. ಅಜ್ಜಿಯ ತಂಗಿ ಪರದೇಶದಲ್ಲಿ ಮದುವೆಯಾದರು. ದೇಶ ಯಾವುದೆಂದು ತಿಳಿಯದು. (ಕಾರವಾರ)

ಉತ್ತರ: ಅವರ ಜ್ಞಾನಸ್ನಾನವಾದ ಇಗರ್ಜಿಯ ರಿಜಿಸ್ಟರಿನ ಅಂಚನ್ನು ನೋಡಿ. 1908ರಿಂದ ಕಥೋಲಿಕರ ಮದುವೆ ಎಲ್ಲೇ ಆಗಲಿ, ಜ್ಞಾನಸ್ನಾನದ ಇಗರ್ಜಿಗೆ ತಿಳಿಸಿ ಅಲ್ಲಿನ ಪುಸ್ತಕದ ಅಂಚಿನಲ್ಲಿ ಬರೆಸಬೇಕೆಂಬ ನಿಯಮ ಬಂತು. ಗಂಡನ ಹೆಸರು, ತಾರೀಖು, ಇಗರ್ಜಿ, ಒಂದೇ ಸಾಲಿನಲ್ಲಿ ಸಿಕ್ಕಿಬಿಡಬಹುದು. ಸರ್ಟಿಫಿಕೇಟು ಕೇಳಿದರೆ ಈ ಸಾಲು ಬಿಟ್ಟುಹೋಗುವ ಅಪಾಯವಿದೆ. ‘ಅಂಚಿನ ಟಿಪ್ಪಣಿ ಸಮೇತ ಪೂರ್ಣ ನಕಲು ಬೇಕು’ ಎಂದೇ ಧರ್ಮಗುರುಗಳಲ್ಲಿ ವಿನಂತಿಸಿ. ಹುಟ್ಟಿದ ವರ್ಷ ಅಂದಾಜಾದರೆ ಹಿಂದೆ ಮುಂದೆ ಐದೈದು ವರ್ಷ ನೋಡಬೇಕಾಗುತ್ತದೆ. ಕಾರವಾರ ಪ್ರತ್ಯೇಕ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಆಗಿದ್ದು 1976ರಲ್ಲಿ. ಅದಕ್ಕೂ ಮೊದಲು ಬೆಳಗಾವಿ, ಅದಕ್ಕೂ ಹಿಂದೆ ಗೋವಾ. ಹಾಗಾಗಿ ಹಳೆಯ ಪುಟಗಳು ಲ್ಯಾಟಿನ್ ಅಥವಾ ಪೋರ್ಚುಗೀಸಿನಲ್ಲಿದ್ದರೆ ಗಾಬರಿ ಬೇಡ. ನಮೂನೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತ ಜ್ಞಾನತಾಯಿ, ಜ್ಞಾನತಂದೆಯರ (ಗಾಡ್‌ಮದರ್, ಗಾಡ್‌ಫಾದರ್) ಹೆಸರನ್ನೂ ಬರೆದುಕೊಳ್ಳಿ. ಅವರು ಬಹುತೇಕ ನೆಂಟರೇ ಆಗಿರುತ್ತಾರೆ, ಪರದೇಶದ ವಿಳಾಸ ಅವರ ಮನೆಯಲ್ಲಿ ಉಳಿದಿದ್ದರೂ ಉಳಿದಿರಬಹುದು.