ಡೆನಾಲಿ ಕಾಣುತ್ತಾ? ಎಲ್ಲಾ ಮೋಡದ ಮರ್ಜಿ

ಜುಲೈನಲ್ಲಿ ಅಲಾಸ್ಕಾಕ್ಕೆ ಹೋಗಿ ಎರಡೇ ದಿನದಲ್ಲಿ ಡೆನಾಲಿ ಬೆಟ್ಟ ನೋಡೋಕಾಗುತ್ತಾ ಅಂತ ಕೇಳಿದ್ದೀರಿ. ಆಗಬಹುದು, ಗ್ಯಾರಂಟಿ ಇಲ್ಲ. ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗಷ್ಟೇ ಕಾಣುತ್ತದೆ ಅನ್ನುತ್ತಾರೆ. 6,190 ಮೀಟರ್ ಎತ್ತರದ ಬೆಟ್ಟ ಅಲ್ವಾ, ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಅದಕ್ಕೆ ಬಡಿದು ಮೋಡ ಕಟ್ಟುತ್ತದೆ, ಜುಲೈನಲ್ಲಂತೂ ಮಳೆಯೂ ಜಾಸ್ತಿ.

ಬೆಟ್ಟ ಇರೋದು ಡೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ. ಆ ಪಾರ್ಕಿನ ಬಾಗಿಲಲ್ಲಿ ಸುಮ್ನೆ ಕಾಯಬೇಡಿ, ಅಲ್ಲಿಂದ ಬೆಟ್ಟ ಕಾಣೋದೇ ಇಲ್ಲ. ಪಾರ್ಕಿನ ಒಳರಸ್ತೆಯಲ್ಲಿ 9ನೇ ಮೈಲಿ ಸುತ್ತಮುತ್ತ ಮೊದಲ ನೋಟ ಸಿಗುತ್ತದೆ. ಬೇಸಿಗೆಯಲ್ಲಿ ಸ್ವಂತ ಕಾರು 15ನೇ ಮೈಲಿ ತನಕ ಮಾತ್ರ, ಮುಂದಕ್ಕೆ ಬಸ್ಸೇ. 2021ರಲ್ಲಿ ಇದೇ ರಸ್ತೆಯ ಪ್ರೆಟಿ ರಾಕ್ಸ್ ಅನ್ನೋ ಜಾಗದ ಹತ್ತಿರ ನೆಲ ಜಾರಿ ರಸ್ತೆ ಮುಚ್ಚಿತ್ತು, ಹಾಗಾಗಿ ಬಸ್ಸು ಎಲ್ಲಿ ತನಕ ಹೋಗುತ್ತದೆ ಅಂತ ಪಾರ್ಕಿನ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಟಿಕೆಟ್ ಮಾಡಿ.

ನಾನಾಗಿದ್ದರೆ ಒಂದು ರಾತ್ರಿ ಬೆಟ್ಟದ ದಕ್ಷಿಣಕ್ಕಿರುವ ಟಾಲ್ಕೀಟ್ನಾ ಅನ್ನೋ ಸಣ್ಣ ಊರಲ್ಲಿ ಉಳಿಯುತ್ತಿದ್ದೆ. ಊರಿನಿಂದ ನದಿ ದಡಕ್ಕೆ ನಡೆದು ಹೋದರೆ ಸಾಕು, ಆಕಾಶ ತಿಳಿಯಾಗಿದ್ದರೆ ಬೆಟ್ಟ ಎದುರಿಗೇ. ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ, ಮಲಗುವ ಮುಂಚೆ ಒಮ್ಮೆ ಇಣುಕಿ. ದುಡ್ಡಿದ್ದರೆ ಸಣ್ಣ ವಿಮಾನ ಹತ್ತಿ, ವಿಮಾನಕ್ಕೆ ಸ್ಕೀ (ಹಿಮದ ಮೇಲೆ ಜಾರುವ ಪಟ್ಟಿ) ಕಟ್ಟಿ ಹಿಮನದಿ ಮೇಲೇ ಇಳಿಸುತ್ತಾರೆ. ಕೆಳಗೆ ಮೋಡ ಮುಚ್ಚಿದ್ದರೂ ಮೇಲೆ ಕೆಲವೊಮ್ಮೆ ಒಳ್ಳೆ ಬಿಸಿಲಿರುತ್ತದೆ. ಬುಕಿಂಗ್ ಮೊದಲ ದಿನಕ್ಕೇ ಮಾಡಿ, ಹವಾಮಾನ ಕೆಟ್ಟು ರದ್ದಾದರೆ ಮರುದಿನ ಕೈಯಲ್ಲಿರುತ್ತದೆ.