ಅಳಿಸಿದಷ್ಟೂ ಬರುವ ಮೇಲ್

ಪ್ರಶ್ನೆ: ಬೆಳಗ್ಗೆ ಮೇಲ್ ತೆರೆದರೆ ಸಾಕು, ಲಾಟರಿ ಗೆದ್ದಿದ್ದೀರಿ, ಸಾಲ ಬೇಕಾ, ತೂಕ ಇಳಿಸಿ ಅಂತ ರಾಶಿ ಬಿದ್ದಿರುತ್ತದೆ. ‘ಅನ್‌ಸಬ್‌ಸ್ಕ್ರೈಬ್’ (ಇನ್ನು ಕಳಿಸಬೇಡಿ) ಒತ್ತಿದ ಮೇಲೆ ಇನ್ನೂ ಜಾಸ್ತಿಯಾಗಿದೆ! ಏನು ಮಾಡಲಿ?

ಉತ್ತರ: ಅಲ್ಲೇ ಎಡವಿದ್ದೀರಿ ನೋಡಿ. ನೀವೇ ಹೆಸರು ಕೊಟ್ಟು ಸೇರಿದ ಕಡೆಯಿಂದ ಬಂದಿದ್ದರೆ ಒತ್ತಬಹುದು, ಆದರೆ ಗುರುತು ಪರಿಚಯ ಇಲ್ಲದವರ ಮೇಲ್‌ನಲ್ಲಿ ಒತ್ತಿದರೆ ‘ಈ ವಿಳಾಸದಲ್ಲಿ ಓದುವವರು ಇದ್ದಾರೆ’ ಅಂತ ನೀವೇ ಸುಳಿವು ಕೊಟ್ಟ ಹಾಗಾಗುತ್ತದೆ, ಅಂಥ ವಿಳಾಸಕ್ಕೇ ಅವರು ಕಾಯುವುದು ಅಲ್ವಾ. ಸುಮ್ನೆ ಅಳಿಸಲೂ ಬೇಡಿ. ‘ಸ್ಪ್ಯಾಮ್’ (ಬೇಡದ ಮೇಲ್) ಅಂತ ಗುರುತು ಹಾಕಿ, ಅಂಥವನ್ನು ಬೇರ್ಪಡಿಸುವ ಫಿಲ್ಟರ್ ಅದನ್ನು ನೋಡಿ ಕಲಿಯುತ್ತದೆ. ಚಿತ್ರಗಳು ತಾವಾಗೇ ತೆರೆಯದಂತೆ ಸೆಟ್ಟಿಂಗ್ ಬದಲಿಸಿ, ಚಿತ್ರ ತೆರೆದುಕೊಂಡರೆ ನೀವು ಮೇಲ್ ತೆರೆದದ್ದು ಅವರಿಗೆ ಅದರಿಂದಲೂ ಗೊತ್ತಾಗುತ್ತದೆ. ಅಂದಹಾಗೆ, ಈ ಕಾಟ ಹಳೆಯದು. 1978ರಲ್ಲೇ ಕಂಪ್ಯೂಟರ್ ಮಾರಲು ಸುಮಾರು 400 ಜನರಿಗೆ ಒಂದೇ ಮೇಲ್ ಹೋಗಿತ್ತು. ಆಗಲೂ ಜನ ಬೈದಿದ್ದರು.